ಮಂಡಿ ಮಡಚುವ ಮುನ್ನ ನೆಟ್ಟಗಾಗಲಿ: ಎಸಿಎಲ್ ಆಪರೇಷನ್ ಎದುರಿಗಿರುವ ಆಟಗಾರರಿಗೆ

ಶಟಲ್ ಕೋರ್ಟಿನಲ್ಲಿ ಹಿಂದಕ್ಕೆ ಹಾರಿ ಹೊಡೆದು ಎಡಗಾಲ ಮೇಲೆ ಇಳಿದೆ. ಯಾರೂ ತಾಕಿರಲಿಲ್ಲ, ನೆಲವೂ ಒದ್ದೆ ಇರಲಿಲ್ಲ. ಮಂಡಿಯೊಳಗೆ ಒಣಕಡ್ಡಿ ಮುರಿದ ಹಾಗೆ ‘ಟಪ್’ ಎಂದಿತು. ಪಕ್ಕದ ಕೋರ್ಟಿನವರೂ ತಿರುಗಿ ನೋಡಿದರು. ಐದು ನಿಮಿಷ ಕೂತೆ, ಎದ್ದು ನಡೆದೆ, ಸ್ಕೂಟರ್ ಓಡಿಸಿಕೊಂಡೇ ಮನೆಗೆ ಬಂದೆ. ರಾತ್ರಿ ಊಟದ ಹೊತ್ತಿಗೆ ಮಂಡಿ ತೆಂಗಿನಕಾಯಿ ಗಾತ್ರಕ್ಕೆ ಊದಿತ್ತು.

ಹರಿದದ್ದು ಎಸಿಎಲ್, ಅಂದರೆ ಆಂಟೀರಿಯರ್ ಕ್ರೂಶಿಯೇಟ್ ಲಿಗಮೆಂಟ್. ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಮಂಡಿಯ ನಟ್ಟನಡುವೆ ಓರೆಯಾಗಿ ಕಟ್ಟಿ ಹಿಡಿದಿರುವ ಲಿಗಮೆಂಟ್ ಅದು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಗುವಾಗ ಮಂಡಿ ತಪ್ಪದಂತೆ ಕಾಯುವುದು ಅದರ ಕೆಲಸ. ಕಬಡ್ಡಿಯಲ್ಲಿ ರೇಡ್ ಮಾಡಿ ಸರ್ರನೆ ತಿರುಗುವವರು, ಖೋಖೋದಲ್ಲಿ ಕಂಬ ಹಿಡಿದು ಹೊರಳುವವರು, ವಾಲಿಬಾಲ್‌ನಲ್ಲಿ ನೆಗೆದು ಇಳಿಯುವವರು, ಫುಟ್‌ಬಾಲ್ ಆಡುವವರು ಎಲ್ಲರಿಗೂ ಇದೇ ಜಾಗದಲ್ಲಿ ಪೆಟ್ಟಾಗುತ್ತದೆ. ಹುಡುಗರಿಗಿಂತ ಹುಡುಗಿಯರಿಗೆ ಈ ಅಪಾಯ ಹೆಚ್ಚು. ಬಹಳಷ್ಟು ಸಲ ಯಾರೂ ಡಿಕ್ಕಿ ಹೊಡೆದಿರುವುದೇ ಇಲ್ಲ. ನನಗಾದಂತೆ ಇಳಿಯುವಾಗಲೋ ತಿರುಗುವಾಗಲೋ ತಾನಾಗಿಯೇ ಹರಿಯುತ್ತದೆ.

ನಾನು ಡಾಕ್ಟರಲ್ಲ. ನಿಮ್ಮ ಡಾಕ್ಟರು, ಫಿಸಿಯೋ ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸ ಬಂದರೆ ಅವರ ಮಾತೇ ನಡೆಯಬೇಕು. ಆದರೆ ಆಪರೇಷನ್ ಎಂದ ಕೂಡಲೇ ಎದೆ ಝಲ್ಲೆನ್ನುತ್ತದಲ್ಲ, ಆ ಹೊತ್ತಿನಲ್ಲಿ ಇದನ್ನೆಲ್ಲ ಯಾರಾದರೂ ಪಕ್ಕದಲ್ಲಿ ಕೂತು ಹೇಳಿದ್ದರೆ ಎಂದು ನನಗೆ ಅನ್ನಿಸಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವಾರ: ಎಣ್ಣೆ ಬೇಡ, ಐಸ್ ಇಡಿ

ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಮಂಡಿ ದಪ್ಪಗೆ ಊದಿಕೊಂಡರೆ ಒಳಗೆ ರಕ್ತ ತುಂಬಿದೆ ಎಂದು ಅರ್ಥ. ಅದನ್ನು ಬರಿ ಉಳುಕು ಅಂದುಕೊಳ್ಳಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ಎದೆಮಟ್ಟಕ್ಕಿಂತ ಮೇಲೆತ್ತಿ ಮಲಗಿ. ಬಿಸಿ ಶಾಖ, ನೀವುವುದು, ಎಳೆಯುವುದು ಯಾವುದೂ ಬೇಡ.

ನಾನು ಇಲ್ಲೇ ತಪ್ಪಿದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿದೆ ಎಂದು ಗೊತ್ತಾಯಿತು. ಮೂಳೆ ಸರಿಯಿದ್ದ ಮೇಲೆ ಇನ್ನೇನು ಎಂದುಕೊಂಡು, ಬಂಧುಗಳೊಬ್ಬರು ಹೇಳಿದ ಕಡೆ ಹೋಗಿ ಎಣ್ಣೆ ಹಚ್ಚಿಸಿ ಕಟ್ಟು ಹಾಕಿಸಿಕೊಂಡೆ. ಮೂರು ವಾರ ಮಂಡಿಯನ್ನು ಅಲ್ಲಾಡಿಸಲಿಲ್ಲ. ಕಟ್ಟು ಬಿಚ್ಚಿದಾಗ ಊತ ಇಳಿದಿತ್ತು ನಿಜ. ಆದರೆ ತೊಡೆಯ ಸ್ನಾಯು ಸೊರಗಿ ಚರ್ಮ ಜೋತುಬಿದ್ದಿತ್ತು, ಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದೇ ಇಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಆದ್ದರಿಂದ ಎಕ್ಸ್‌ರೇ ಸರಿಯಿದ್ದರೂ ಮೂಳೆ ಡಾಕ್ಟರ ಕೈಗೆ ಮಂಡಿ ಕೊಡಿ. ಆಟದ ಪೆಟ್ಟುಗಳನ್ನೇ ನೋಡುವವರು ಸಿಕ್ಕರೆ ಇನ್ನೂ ಒಳ್ಳೆಯದು. ಅನುಭವಿ ಡಾಕ್ಟರು ಮಂಡಿಯನ್ನು ಸ್ವಲ್ಪ ಮಡಚಿ, ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡಿಯೇ ಹೆಚ್ಚುಕಡಿಮೆ ಹೇಳಿಬಿಡುತ್ತಾರೆ. ಎಂಆರ್‌ಐ ಅದನ್ನು ಖಚಿತಪಡಿಸುತ್ತದೆ. ಜೊತೆಗೆ ಮೂಳೆಗಳ ನಡುವಿನ ಮೆತ್ತೆಗಳು, ಅಂದರೆ ಮೆನಿಸ್ಕಸ್, ಹರಿದಿವೆಯೇ ಎಂದೂ ತೋರಿಸುತ್ತದೆ. ಈ ಎರಡನೆಯದನ್ನು ತಪ್ಪದೆ ಕೇಳಿ ತಿಳಿದುಕೊಳ್ಳಿ, ಮುಂದಿನ ಇಡೀ ಲೆಕ್ಕ ಅದರ ಮೇಲೆ ನಿಂತಿರುತ್ತದೆ. ಮಂಡಿ ಒಂದೇ ಕೋನದಲ್ಲಿ ಸಿಕ್ಕಿಹಾಕಿಕೊಂಡು ಮಡಚಲೂ ಬಾರದೆ ಚಾಚಲೂ ಬಾರದೆ ಹೋದರೆ ಕಾಯಬೇಡಿ. ಹರಿದ ಮೆನಿಸ್ಕಸ್ ನಡುವೆ ಸಿಲುಕಿರಬಹುದು.

ಆಪರೇಷನ್ ಬೇಕೇ ಬೇಕೆ?

ಎಲ್ಲರಿಗೂ ಬೇಡ. ಸ್ವೀಡನ್ನಿನಲ್ಲಿ 121 ಮಂದಿ ಚಟುವಟಿಕೆಯ ತರುಣರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಆಪರೇಷನ್, ಇನ್ನೊಂದಕ್ಕೆ ಮೊದಲು ಬರಿ ವ್ಯಾಯಾಮ. ಸಾಲದಿದ್ದವರಿಗೆ ಆಮೇಲೆ ಆಪರೇಷನ್. ಐದು ವರ್ಷಗಳ ನಂತರ ನೋಡಿದರೆ ವ್ಯಾಯಾಮದ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಆಪರೇಷನ್ ಬೇಕಾಗಿಯೇ ಇರಲಿಲ್ಲ. ನಡಿಗೆ, ಸೈಕಲ್, ಈಜು ಸಾಕು ಅನ್ನುವವರು ತೊಡೆ ಗಟ್ಟಿಮಾಡಿಕೊಂಡು ಲಿಗಮೆಂಟ್ ಇಲ್ಲದೆಯೂ ಚೆನ್ನಾಗಿ ಬದುಕಬಹುದು.

ಆದರೆ ಮಂಡಿ ಪದೇ ಪದೇ ಕೈಕೊಡುತ್ತಿದ್ದರೆ, ಹೊಲಿಯಬಹುದಾದ ಮೆನಿಸ್ಕಸ್ ಹರಿತ ಜೊತೆಗಿದ್ದರೆ, ಒಂದಕ್ಕಿಂತ ಹೆಚ್ಚು ಲಿಗಮೆಂಟ್ ಹೋಗಿದ್ದರೆ, ಅಥವಾ ತಿರುಗಿ ನೆಗೆಯುವ ಆಟವನ್ನು ಬಿಡಲಾರೆ ಎನ್ನುವುದಾದರೆ ಆಪರೇಷನ್ ಕಡೆಗೇ ತಕ್ಕಡಿ ವಾಲುತ್ತದೆ. ನನಗೆ ನಿರ್ಧಾರವಾದದ್ದು ಅಡುಗೆಮನೆಯಲ್ಲಿ. ಒಲೆಯ ಕಡೆಯಿಂದ ಸಿಂಕ್ ಕಡೆಗೆ ಸುಮ್ಮನೆ ತಿರುಗಿದೆ; ಮಂಡಿ ಒಳಗೊಳಗೇ ಕಳಚಿ ಮತ್ತೆ ಕೂತಂತಾಯಿತು, ಕೈಯಲ್ಲಿದ್ದ ಸಾರಿನ ಪಾತ್ರೆ ನೆಲಕ್ಕೆ ಬಿತ್ತು. ಹಾಗೆ ಒಂದೊಂದು ಸಲ ಜಾರಿದಾಗಲೂ ಒಳಗಿನ ಮೆತ್ತೆ ಇನ್ನಷ್ಟು ಹರಿಯುವ ಅಪಾಯವಿದೆ ಎಂದು ಡಾಕ್ಟರು ಹೇಳಿದರು.

ಹೊಸ ಲಿಗಮೆಂಟ್ ಎಲ್ಲಿಂದ ತೆಗೆಯುತ್ತಾರೆ?

ಹರಿದದ್ದನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ನಿಮ್ಮದೇ ದೇಹದ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ಸುರಂಗ ಕೊರೆದು ಕೂರಿಸುತ್ತಾರೆ. ಇದಕ್ಕೆ ಗ್ರಾಫ್ಟ್ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆಯುತ್ತಾರೆ. ಮಂಡಿಚಿಪ್ಪಿನ ಕೆಳಗಿನ ರಜ್ಜು, ಚಿಪ್ಪಿನ ಮೇಲಿನ ತೊಡೆರಜ್ಜು, ಪಾದದ ಹೊರಮಗ್ಗುಲಿನ ಪೆರೋನಿಯಸ್ ರಜ್ಜು ಕೂಡ ಬಳಕೆಯಲ್ಲಿವೆ.

ಇಲ್ಲಿ ನಿಮ್ಮ ಬದುಕಿನ ರೀತಿಯನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಲೇಬೇಕು. ಚಿಪ್ಪಿನ ಕೆಳಗಿನ ರಜ್ಜು ತೆಗೆದರೆ ಮಂಡಿಯೂರುವಾಗ ಬಹಳ ದಿನ ನೋವು ಉಳಿಯಬಹುದು. ನಮಾಜ್ ಮಾಡುವವರು, ಪೂಜೆಗೆ ನೆಲದ ಮೇಲೆ ಕೂರುವವರು, ಟೈಲ್ಸ್ ಹಾಕುವವರು, ಕುಸ್ತಿಯವರು ಇದನ್ನು ಮೊದಲೇ ಚರ್ಚಿಸಬೇಕು. ಹ್ಯಾಮ್‌ಸ್ಟ್ರಿಂಗ್ ತೆಗೆದರೆ ಕಾಲನ್ನು ಹಿಂದಕ್ಕೆ ಮಡಚುವ ಬಲ ಮರಳಿ ಬರಲು ಸಮಯ ಬೇಕು. ಓಟಗಾರರಿಗೆ ಅದು ಮುಖ್ಯ. ಯಾವುದೂ ಪರಿಪೂರ್ಣವಲ್ಲ. ಡಾಕ್ಟರ ಕೈ ಯಾವುದರಲ್ಲಿ ಪಳಗಿದೆ ಎಂಬುದಕ್ಕೂ ಬೆಲೆಯಿದೆ.

ಇನ್ನೂ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೆನಿಸ್ಕಸ್ ಹೊಲಿಯುತ್ತೀರಾ ಅಥವಾ ಕತ್ತರಿಸುತ್ತೀರಾ? ಎಷ್ಟು ದಿನ ಕಾಲೂರಬಾರದು? ಆಟಕ್ಕೆ ಮರಳಬಹುದು ಎಂದು ಯಾವ ಪರೀಕ್ಷೆ ನೋಡಿ ಹೇಳುತ್ತೀರಿ? ಮೂರನೆಯದಕ್ಕೆ ಬರಿ ತಿಂಗಳ ಲೆಕ್ಕ ಹೇಳಿದರೆ, ಮುಂದೆ ಆ ಪರೀಕ್ಷೆ ಮಾಡುವ ಫಿಸಿಯೋವನ್ನು ನೀವೇ ಹುಡುಕಿಕೊಳ್ಳಬೇಕು.

ದುಡ್ಡಿನ ಮಾತು ಚಿಕ್ಕದಾಗಿ. ವಿಮೆಯಿದ್ದರೆ ಮುಂಚಿತವಾಗಿ ಒಪ್ಪಿಗೆ ಪಡೆದು ಕ್ಯಾಶ್‌ಲೆಸ್ ಮಾಡಿಸಿ, ಪಾಲಿಸಿಯಲ್ಲಿ ಕಾಯುವ ಅವಧಿ ಇದೆಯೇ ನೋಡಿ, ಇಂಪ್ಲಾಂಟ್ (ಗ್ರಾಫ್ಟನ್ನು ಹಿಡಿದಿಡುವ ಸ್ಕ್ರೂ ಮುಂತಾದವು) ಖರ್ಚು ಎಷ್ಟರವರೆಗೆ ಕೊಡುತ್ತಾರೆ ಕೇಳಿ. ಬಿಪಿಎಲ್ ಕಾರ್ಡಿದ್ದವರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇರುವ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಹಾಯಕರನ್ನು ವಿಚಾರಿಸಿ. ಬೆಂಗಳೂರಿನ ಸಂಜಯ ಗಾಂಧಿ ಆಸ್ಪತ್ರೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ. ಇಷ್ಟೆಲ್ಲ ಕೂಡಿಸುವಾಗ ಫಿಸಿಯೋಗೆಂದು ಬೇರೆ ಹಣ ತೆಗೆದಿಡಿ. ಆಪರೇಷನ್ನಿಗೆ ಸಾಲ ಮಾಡಿ ಫಿಸಿಯೋಗೆ ಕಾಸಿಲ್ಲದೆ ಎರಡನೇ ತಿಂಗಳಿಗೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಬಹಳ ಬೇಜಾರಾಗುತ್ತದೆ.

ಆಪರೇಷನ್ನಿಗೆ ಮುಂಚಿನ ತಯಾರಿ

ಊದಿಕೊಂಡು ಬಿಗಿದಿರುವ ಮಂಡಿಗೆ ಆಪರೇಷನ್ ಮಾಡಿದರೆ ಆಮೇಲೂ ಅದು ಬಿಗಿದೇ ಉಳಿಯುವ ಸಂಭವ ಹೆಚ್ಚು. ಹಾಗಾಗಿ ಬೇರೆ ತುರ್ತು ಇಲ್ಲದಿದ್ದರೆ ಮೊದಲು ಊತ ಇಳಿಸಿ, ಮಂಡಿ ಪೂರ್ತಿ ನೆಟ್ಟಗಾಗುವಂತೆ ಮಾಡಿ, ತೊಡೆಗೆ ಬಲ ತುಂಬಿಸುತ್ತಾರೆ. ನನಗೆ ಇದಕ್ಕೆ ಐದು ವಾರ ಬೇಕಾಯಿತು. ದರ್ಜಿಯವರ ಟೇಪಿನಿಂದ ಮಂಡಿಚಿಪ್ಪಿನ ಮೇಲೆ ಹದಿನೈದು ಸೆಂಟಿಮೀಟರ್ ಜಾಗ ಗುರುತಿಟ್ಟು ಎರಡೂ ತೊಡೆ ಅಳೆದೆ. ಎಡದ್ದು ಮೂರೂವರೆ ಸೆಂಟಿಮೀಟರ್ ಸಣ್ಣದಾಗಿತ್ತು. ಆ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದೆ. ಮುಂದೆ ವರ್ಷವಿಡೀ ತಿಂಗಳಿಗೊಮ್ಮೆ ಅಳೆದು ಬರೆಯುತ್ತ ಹೋದೆ. ನೀವೂ ಬರೆಯಿರಿ. ಏನೂ ಸುಧಾರಿಸುತ್ತಿಲ್ಲ ಎಂದು ಮನಸ್ಸು ಕುಗ್ಗಿದ ದಿನ ಆ ಅಂಕಿಗಳೇ ಕೈಹಿಡಿಯುತ್ತವೆ.

ಮನೆಯ ವಿಷಯ. ಚಾಪೆಯಿಂದ ಮಂಚಕ್ಕೆ ಹೋಗಿ. ಇಂಡಿಯನ್ ಕಕ್ಕಸು ಇರುವ ಮನೆಯಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಬಾಡಿಗೆಗೂ ಕೊಡುತ್ತಾರೆ. ಬಚ್ಚಲಿಗೆ ಜಾರದ ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಬಳಿಯ ಕಾಲೊರಸುಗಳನ್ನೆಲ್ಲ ಎತ್ತಿಡಿ, ಊರುಗೋಲು ಅದರಲ್ಲೇ ಸಿಕ್ಕಿಕೊಳ್ಳುವುದು. ಬಿಸಿನೀರಿನ ರಬ್ಬರ್ ಚೀಲ ಮನೆಯಲ್ಲಿದ್ದರೆ ಅದಕ್ಕೆ ಐಸ್ ತುಂಡು ತುಂಬಿಸಿ. ಮಂಡಿಗೆ ಸರಿಯಾಗಿ ಅಪ್ಪಿಕೊಂಡು ಕೂರುತ್ತದೆ.

ಊರುಗೋಲಿನ ನಡಿಗೆಯನ್ನು ಆಪರೇಷನ್ನಿಗೆ ಮೊದಲೇ ಕಲಿಯಿರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ನೋವು ಇಲ್ಲದಿರುವಾಗ ನಾಲ್ಕು ದಿನ ಅಭ್ಯಾಸವಾದರೆ ಆಮೇಲೆ ತಲೆ ಓಡಿಸಬೇಕಾಗಿಲ್ಲ.

ಬೀಡಿ ಸಿಗರೇಟು ಬಿಡಿ, ಗಾಯ ಮಾಯುವುದನ್ನು ಅದು ತಡೆಯುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ, ಆಯುರ್ವೇದದ ಔಷಧಿ ಏನೇ ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡಬೇಡಿ. ಹಿಂದಿನ ರಾತ್ರಿ ಮನೆಯಲ್ಲೇ ರೇಜರ್ ಹಿಡಿದು ಕಾಲಿನ ಕೂದಲು ತೆಗೆಯಬೇಡಿ. ಸಣ್ಣ ಗೀರಿನಿಂದಲೂ ಸೋಂಕು ಹತ್ತಬಹುದು. ಬೇಕಾದರೆ ಆಸ್ಪತ್ರೆಯವರೇ ಟ್ರಿಮ್ಮರಿನಿಂದ ತೆಗೆಯುತ್ತಾರೆ.

ಆ ದಿನ

ಹೆದರುವಂಥದ್ದು ಕಡಿಮೆ. ಹೆಚ್ಚಾಗಿ ಬೆನ್ನಿಗೆ ಸೂಜಿ ಹಾಕಿ ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ಸಣ್ಣ ತೂತುಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಕೆಲಸ. ಗ್ರಾಫ್ಟ್ ತೆಗೆಯಲು ಒಂದು ಸಣ್ಣ ಗಾಯ ಬೇರೆ. ಒಂದರಿಂದ ಎರಡು ಗಂಟೆ. ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ.

ನೆನಪಿಡಬೇಕಾದದ್ದು ಆ ರಾತ್ರಿ. ಮರಗಟ್ಟಿದ್ದು ಬಿಡುವವರೆಗೆ ನೋವೇ ಇರುವುದಿಲ್ಲ, ‘ಇಷ್ಟೇನಾ’ ಅನ್ನಿಸುತ್ತದೆ. ನಡುರಾತ್ರಿ ಎಲ್ಲ ಒಟ್ಟಿಗೆ ಬರುತ್ತದೆ. ನೋವಿನ ಮಾತ್ರೆಯನ್ನು ನೋವು ಬಂದ ಮೇಲೆ ಕೇಳಬೇಡಿ, ಹೊತ್ತು ಹೊತ್ತಿಗೆ ಕೊಟ್ಟದ್ದನ್ನು ತೆಗೆದುಕೊಳ್ಳಿ. ಬೆನ್ನಿಗೆ ಸೂಜಿ ಹಾಕಿಸಿಕೊಂಡವರಿಗೆ ಕೆಲವೊಮ್ಮೆ ಮೂತ್ರ ಕಟ್ಟುತ್ತದೆ. ನಾಚಿಕೊಳ್ಳದೆ ನರ್ಸಿಗೆ ಹೇಳಿ.

ಮೊದಲ ಎರಡು ವಾರ: ದಿಂಬು ಹಿಮ್ಮಡಿಯ ಕೆಳಗೆ

ನಾನು ಮನೆಗೆ ಬಂದ ದಿನ ಅಮ್ಮ ಮೆತ್ತನೆಯ ದಿಂಬೊಂದನ್ನು ತಂದು ಮಂಡಿಯ ಕೆಳಗೆ ಇಟ್ಟರು. ಸ್ವರ್ಗವೇ ಸಿಕ್ಕಂತಾಯಿತು. ಮಂಡಿ ಸ್ವಲ್ಪ ಮಡಚಿದ್ದರೆ ನೋವು ಕಡಿಮೆಯಾಗುತ್ತದೆ, ಹಾಗಾಗಿ ಎರಡು ದಿನ ಹಾಗೇ ಮಲಗಿದ್ದೆ. ಮೂರನೇ ದಿನ ಫಿಸಿಯೋ ಮನೆಗೆ ಬಂದವರು ಬಾಗಿಲಲ್ಲೇ ನಿಂತು, ‘ಅಮ್ಮಾ, ಆ ದಿಂಬು ಮೊದಲು ತೆಗೀರಿ’ ಅಂದರು. ಟವೆಲ್ಲನ್ನು ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಟ್ಟರು. ಮಂಡಿಯ ಕೆಳಗೆ ಏನೂ ಇಲ್ಲದೆ ಅದು ತನ್ನ ಭಾರಕ್ಕೇ ನಿಧಾನವಾಗಿ ಕೆಳಗಿಳಿಯಬೇಕು. ಹತ್ತು ನಿಮಿಷ. ಹಲ್ಲು ಕಚ್ಚಿಕೊಂಡು ಗೋಡೆ ಗಡಿಯಾರ ನೋಡುತ್ತ ಮಲಗಿದ್ದೆ. ಅಮ್ಮನ ಕಣ್ಣಲ್ಲಿ ನೀರು.

ನಮ್ಮ ಕಡೆ ನೋಡಲು ಬಂದವರೆಲ್ಲ ಕೇಳುವುದು ಒಂದೇ: ‘ಮಂಡಿ ಮಡಚೋಕೆ ಬರ್ತದೇನೋ?’ ನೆಲದ ಮೇಲೆ ಕೂತು ಬದುಕುವ ಜನ ನಾವು, ಮಡಚುವುದೇ ದೊಡ್ಡದು ಅನ್ನಿಸುವುದು ಸಹಜ. ಆದರೆ ಮಡಚುವುದು ತಡವಾದರೂ ಹೆಚ್ಚಿನವರಿಗೆ ಬರುತ್ತದೆ. ನೆಟ್ಟಗಾಗುವುದನ್ನು ಮೊದಲ ವಾರಗಳಲ್ಲಿ ಬಿಟ್ಟರೆ ಒಳಗೆ ಗಾಯದ ಅಂಗಾಂಶ ಬೆಳೆದು ದಾರಿ ಮುಚ್ಚಿಬಿಡಬಹುದು, ಅದನ್ನು ತೆಗೆಯಲು ಮತ್ತೊಂದು ಆಪರೇಷನ್ ಬೇಕಾಗಬಹುದು. ನಾಲ್ಕೈದು ಡಿಗ್ರಿ ಕಡಿಮೆಯಾದರೂ ನಡಿಗೆ ಕುಂಟುತ್ತದೆ, ಕುಂಟುವ ಕಾಲಿನ ತೊಡೆಗೆ ಬಲ ಬರುವುದಿಲ್ಲ. ಡಾಕ್ಟರು ನೆಟ್ಟಗೆ ಮಾಡುವುದನ್ನು ಬೇಡವೆಂದಿರದಿದ್ದರೆ ದಿನಕ್ಕೆ ನಾಲ್ಕೈದು ಸಲ ಹಿಮ್ಮಡಿಯ ಕೆಳಗೆ ಟವೆಲ್ ಇಟ್ಟು ಮಲಗಿ. ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ.

ಎರಡನೆಯದು ತೊಡೆಯನ್ನು ಎಬ್ಬಿಸುವುದು. ಆಪರೇಷನ್ ಆದ ಮೇಲೆ ತೊಡೆಯ ಮುಂಭಾಗದ ಸ್ನಾಯು ಮಿದುಳಿನ ಮಾತು ಕೇಳುವುದಿಲ್ಲ. ಬಿಗಿ ಹಿಡಿ ಎಂದರೆ ಸುಮ್ಮನೆ ಮಲಗಿರುತ್ತದೆ. ಬಹಳ ವಿಚಿತ್ರ ಅನುಭವ. ಕಾಲು ಚಾಚಿ, ಮಂಡಿಯನ್ನು ಹಾಸಿಗೆಗೆ ಒತ್ತಿ, ಮಂಡಿಚಿಪ್ಪು ತೊಡೆಯ ಕಡೆಗೆ ಸರಿಯುತ್ತದೆಯೇ ನೋಡಿ. ಐದು ಎಣಿಸಿ ಬಿಡಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಬಾರದಿದ್ದರೆ ಎರಡೂ ಕಾಲನ್ನು ಒಟ್ಟಿಗೆ ಬಿಗಿಹಿಡಿಯಿರಿ, ಒಳ್ಳೆಯದನ್ನು ನೋಡಿ ಇದೂ ಕಲಿಯುತ್ತದೆ. ಕಾಲನ್ನು ನೆಟ್ಟಗೆ ಎತ್ತುವಾಗ ಮಂಡಿ ಜೋಲದೆ ನಿಂತಿತೆಂದರೆ ದೊಡ್ಡದೊಂದು ಹಂತ ದಾಟಿದಿರಿ.

ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ರಕ್ತ ಹೆಪ್ಪುಗಟ್ಟುವುದನ್ನು ತಪ್ಪಿಸಲು. ಮೀನಖಂಡದಲ್ಲಿ ಒಂದೇ ಕಡೆ ನೋವು, ಬಿಗಿತ, ಊತ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ ತುರ್ತು ವಿಭಾಗಕ್ಕೆ. ಜ್ವರ, ಗಾಯದಿಂದ ಕೀವು ಅಥವಾ ನೀರು ಒಸರುವುದು, ದಿನದಿಂದ ದಿನಕ್ಕೆ ಹೆಚ್ಚುವ ನೋವು ಕಂಡರೂ ಹೊಲಿಗೆ ಬಿಚ್ಚುವ ದಿನದವರೆಗೆ ಕಾಯಬೇಡಿ.

ಎರಡರಿಂದ ಆರು ವಾರ

ಎರಡನೇ ವಾರಕ್ಕೆ ಹತ್ತಿರ ಹತ್ತಿರ 90 ಡಿಗ್ರಿ, ಆರನೇ ವಾರಕ್ಕೆ 120ರ ಆಸುಪಾಸು ಮಡಚುವುದು ಸಾಮಾನ್ಯ ಗುರಿ. ನಮ್ಮದು ಹಳೆಯ ಮನೆ, ಕೆಂಪು ಗಾರೆ ನೆಲ. ಮಂಚದ ಅಂಚಿಗೆ ಕೂತು ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಕವರ್ ಹಾಕಿ, ಒಂದು ಚಿಟಿಕೆ ಪೌಡರ್ ಉದುರಿಸಿ ಪಾದವನ್ನು ಹಿಂದಕ್ಕೆ ಜಾರಿಸುತ್ತಿದ್ದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ. ದಿನಕ್ಕೆ ಅರ್ಧ ಬೆರಳು ಹಿಂದೆ ಸರಿದರೂ ಖುಷಿ.

ಮೆನಿಸ್ಕಸ್ ಹೊಲಿದಿದ್ದರೆ ಈ ಲೆಕ್ಕವೆಲ್ಲ ಬೇರೆ. ಹೊಲಿಗೆ ಕೂಡಿಕೊಳ್ಳಲಿ ಎಂದು ನಾಲ್ಕರಿಂದ ಆರು ವಾರ ಕಾಲಿನ ಮೇಲೆ ಪೂರ್ತಿ ಭಾರ ಬಿಡಬೇಡಿ, 90 ಡಿಗ್ರಿಗಿಂತ ಹೆಚ್ಚು ಮಡಚಬೇಡಿ ಎನ್ನಬಹುದು. ಕುಕ್ಕುರುಗಾಲಲ್ಲಿ ಕೂರುವುದು, ವಜ್ರಾಸನ, ಭಾರ ಹೊತ್ತು ಆಳವಾಗಿ ಬಗ್ಗುವುದು ನಾಲ್ಕರಿಂದ ಆರು ತಿಂಗಳು ದೂರ. ಮದುವೆ ಮನೆಯಲ್ಲಿ ನೆಲದ ಪಂಕ್ತಿಗೆ ಕರೆದರೆ ಸಂಕೋಚವಿಲ್ಲದೆ ಕುರ್ಚಿ ಮೇಜು ಕೇಳಿ.

ಕುಂಟು ಹೋಗುವವರೆಗೆ ಊರುಗೋಲು ಬಿಡಬೇಡಿ. ಬೇಗ ಬಿಟ್ಟರೆ ಕುಂಟುವುದೇ ಅಭ್ಯಾಸವಾಗುತ್ತದೆ. ಕೂತು ಮಾಡುವ ಕೆಲಸಕ್ಕೆ ಎರಡು ಮೂರು ವಾರದಲ್ಲಿ ಹೋಗಬಹುದು, ಕಾಲು ಮೇಲಿಟ್ಟುಕೊಳ್ಳಲು ಇನ್ನೊಂದು ಕುರ್ಚಿ ಇರಲಿ. ಸ್ಕೂಟರಿಗೆ ಅವಸರ ಬೇಡ. ಸಿಗ್ನಲ್ಲಿನಲ್ಲಿ ಯಾವ ಕಾಲು ಊರುತ್ತೀರಿ ಯೋಚಿಸಿ. ಗಾಡಿ ವಾಲಿದಾಗ ಅಷ್ಟೂ ಭಾರ ಓರೆಯಾಗಿ ಬೀಳುವುದು ಆ ಮಂಡಿಯ ಮೇಲೇ. ನಾನು ಮೂರು ತಿಂಗಳು ಮುಟ್ಟಲಿಲ್ಲ. ಗದ್ದೆಬದುವಿನ ನಡಿಗೆ, ತೋಟದ ಕೆಲಸ ಇರುವವರಿಗೆ ಕನಿಷ್ಠ ನಾಲ್ಕು ತಿಂಗಳ ಬದಲಿ ಆಳಿನ ಏರ್ಪಾಡು ಬೇಕು. ಅಡಿಕೆ ಮರ ಹತ್ತುವವರು ಆಟಗಾರರಷ್ಟೇ ಕಾಯಬೇಕು.

ಮೂರನೇ ತಿಂಗಳು ಎಂಬ ಮೋಸ

ಇಲ್ಲಿ ಸ್ವಲ್ಪ ನಿಂತು ಓದಿ. ಗ್ರಾಫ್ಟ್ ಕೂರಿಸಿದ ದಿನ ಅದು ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದಕ್ಕೆ ರಕ್ತದ ಸಂಪರ್ಕ ಕಡಿದುಹೋಗಿದೆ. ವಾರಗಳು ಕಳೆದಂತೆ ಅದರೊಳಗಿನ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳಗಳು ಒಳನುಗ್ಗುತ್ತವೆ, ಹಳೆಯ ಎಳೆಗಳು ಕರಗಿ ಹೊಸವು ನೇಯ್ದುಕೊಳ್ಳುತ್ತವೆ. ನೇಯ್ಗೆ ಅರ್ಧವಾಗಿರುವ ಆ ಹೊತ್ತಿನಲ್ಲಿ, ಹೆಚ್ಚುಕಡಿಮೆ ಆರರಿಂದ ಹನ್ನೆರಡು ವಾರಗಳ ನಡುವೆ, ಗ್ರಾಫ್ಟ್ ತೀರ ದುರ್ಬಲ. ನಿಮಗೋ ಆಗಲೇ ನೋವಿಲ್ಲ, ಊತವಿಲ್ಲ, ಮೆಟ್ಟಿಲು ಸಲೀಸು. ಮಂಡಿ ಅತ್ಯಂತ ಚೆನ್ನಾಗಿದೆ ಅನ್ನಿಸುವ ಹೊತ್ತಿಗೇ ಒಳಗಿನ ದಾರ ಅತ್ಯಂತ ಸಡಿಲ.

ನನ್ನ ಹತ್ತನೇ ವಾರಕ್ಕೆ ಸರಿಯಾಗಿ ದಸರಾ ಬಂತು. ಮೈಸೂರಿನವರಿಗೆ ಜಂಬೂ ಸವಾರಿ ದಿನ ಮನೆಯಲ್ಲಿ ಕೂರಲು ಮನಸ್ಸು ಬರುತ್ತದೆಯೇ? ಹೋದೆ. ಜನ ಒಮ್ಮೆಗೇ ನುಗ್ಗಿದಾಗ ಪಾದ ನೆಲಕ್ಕೆ ಕಚ್ಚಿಕೊಂಡಿದ್ದಂತೆಯೇ ಮೈ ತಿರುಗಿತು. ಸಂಜೆಗೆ ಮಂಡಿ ಊದಿತು. ಗ್ರಾಫ್ಟ್ ಉಳಿದಿತ್ತು, ಆದರೆ ಅದು ಖಾತ್ರಿಯಾಗುವವರೆಗಿನ ನಾಲ್ಕು ದಿನ ನಾನು ನಿದ್ದೆ ಮಾಡಲಿಲ್ಲ. ಊತ ಇಳಿಯಲು ಎರಡು ವಾರ ಹಿಡಿಯಿತು. ಈ ತಿಂಗಳಲ್ಲಿ ಜಾತ್ರೆ, ಗಣಪತಿ ಮೆರವಣಿಗೆಯ ಕುಣಿತ, ಒದ್ದೆ ಬಂಡೆ, ‘ಬಾರೋ ಎರಡೇ ಪಾಯಿಂಟ್’ ಎನ್ನುವ ಗೆಳೆಯರು ಯಾವುದಕ್ಕೂ ಒಲಿಯಬೇಡಿ.

ಊತವೇ ಮಂಡಿಯ ಮಾತು. ಬೆಳಗ್ಗೆ ಎದ್ದು ಎರಡೂ ಮಂಡಿಯನ್ನು ಒಟ್ಟಿಗೆ ಚಾಚಿ ನೋಡಿ. ಚಿಪ್ಪಿನ ಎರಡೂ ಪಕ್ಕ ಸಣ್ಣ ಗುಳಿಗಳಿರುತ್ತವೆ. ಅವು ತುಂಬಿಕೊಂಡಿದ್ದರೆ ನಿನ್ನೆಯ ಕೆಲಸ ಜಾಸ್ತಿಯಾಯಿತು, ಇವತ್ತು ಕಡಿಮೆ ಮಾಡಿ. ಗುಳಿ ಹಾಗೇ ಇದ್ದರೆ ಮುಂದಕ್ಕೆ ಹೋಗಬಹುದು.

ಬಲ ತುಂಬುವ ತಿಂಗಳುಗಳು

ಬಹುತೇಕರು ಸೋಲುವುದು ಇಲ್ಲಿ. ನಡೆಯಲು ಬಂತು, ಫಿಸಿಯೋ ಬಿಟ್ಟೆ, ಆರು ತಿಂಗಳಿಗೆ ಅಂಗಳಕ್ಕಿಳಿದೆ ಎನ್ನುವವರೇ ಹೆಚ್ಚು. ನಡೆಯುವುದರಿಂದ ತೊಡೆ ಬೆಳೆಯುವುದಿಲ್ಲ, ಭಾರ ಬೇಕು. ಕುರ್ಚಿಯಿಂದ ಎದ್ದು ಕೂರುವುದು, ಆಮೇಲೆ ಒಂಟಿ ಕಾಲಲ್ಲಿ. ಮೆಟ್ಟಿಲೇರುವುದು, ಆಮೇಲೆ ನಿಧಾನವಾಗಿ ಇಳಿಯುವುದು. ಲೆಗ್ ಪ್ರೆಸ್, ಸ್ಕ್ವಾಟ್, ಸೊಂಟ ಬಗ್ಗಿಸಿ ಭಾರ ಎತ್ತುವುದು. ವಾರಕ್ಕೆ ಮೂರು ದಿನ, ಎರಡು ಕಾಲಿಗೂ. ಕನ್ನಡಿ ಮುಂದೆ ಮಾಡಿ. ಮಂಡಿ ಒಳಗಡೆಗೆ ವಾಲುತ್ತಿದ್ದರೆ ಭಾರ ಇಳಿಸಿ.

ಹತ್ತಿರ ಜಿಮ್ ಇಲ್ಲವೆಂದರೆ ಶಾಲೆ ಚೀಲಕ್ಕೆ ಅಕ್ಕಿ ತುಂಬಿಸಿ ಹೆಗಲಿಗೆ ಹಾಕಿಕೊಳ್ಳಿ. ಐದು ಕೆ.ಜಿ.ಯಿಂದ ಶುರುಮಾಡಿ ವಾರ ವಾರ ಏರಿಸಿ. ಒಳ್ಳೆಯ ಫಿಸಿಯೋ ದೂರದ ಊರಿನಲ್ಲಿದ್ದರೆ ಮೂರು ವಾರಕ್ಕೊಮ್ಮೆ ಹೋಗಿ, ನಡುವೆ ನೀವು ಮಾಡುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಕಳಿಸಿ.

ಊಟವೂ ಇದರ ಭಾಗವೇ. ಸ್ನಾಯು ಕಟ್ಟುವಾಗ ದೇಹದ ತೂಕದ ಕೆ.ಜಿ.ಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೊಟೀನ್ ಬೇಕು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ. ನಮ್ಮ ತಟ್ಟೆಯಲ್ಲಿ ಮುದ್ದೆ, ಅನ್ನ ಜಾಸ್ತಿ, ಸಾರು ನೀರು. ಹುರುಳಿಕಾಳು, ಹೆಸರುಕಾಳನ್ನು ಗಟ್ಟಿ ಗೊಜ್ಜು ಮಾಡಿ, ಮೊಸರು, ಮೊಟ್ಟೆ, ಮೀನು, ಪನೀರ್ ಯಾವುದು ಒಗ್ಗುತ್ತದೋ ಸೇರಿಸಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತದೆ. ಲೆಕ್ಕ ಹಾಕಿಕೊಂಡರೆ ನಾವೆಷ್ಟು ಹಿಂದಿದ್ದೇವೆ ಎಂದು ಗೊತ್ತಾಗುತ್ತದೆ.

ಓಟವನ್ನು ತಿಂಗಳು ನೋಡಿ ಶುರುಮಾಡಬಾರದು. ಊತವಿಲ್ಲ, ಮಂಡಿ ಪೂರ್ತಿ ನೆಟ್ಟಗಾಗುತ್ತದೆ, ತೊಡೆಯ ಬಲ ಇನ್ನೊಂದು ಕಾಲಿನ ಮುಕ್ಕಾಲು ಭಾಗಕ್ಕೆ ಬಂದಿದೆ, ಒಂಟಿ ಕಾಲಲ್ಲಿ ಅಲುಗದೆ ಬಗ್ಗಬಲ್ಲೆ ಎಂದಾದಾಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೆಚ್ಚಿನವರಿಗೆ ಅದು ಮೂರೂವರೆ, ನಾಲ್ಕು ತಿಂಗಳ ಮೇಲೆ. ಮಟ್ಟಸವಾದ ಮಣ್ಣಿನ ಮೈದಾನ ಒಳ್ಳೆಯದು.

ನನ್ನ ಪರೀಕ್ಷೆಯ ಜಾಗ ಚಾಮುಂಡಿ ಬೆಟ್ಟ. ದೊಡ್ಡದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲುಗಳನ್ನು ಐದನೇ ತಿಂಗಳಲ್ಲಿ ಹತ್ತಿದೆ, ಬಸ್ಸಿನಲ್ಲಿ ಇಳಿದೆ. ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ, ಒಂದೊಂದು ಮೆಟ್ಟಿಲಿಗೂ ಮೈಭಾರವನ್ನು ತೊಡೆ ತಡೆದು ಹಿಡಿಯಬೇಕು. ಏಳನೇ ತಿಂಗಳಲ್ಲಿ ಮೇಲಿನಿಂದ ನಂದಿಯವರೆಗೆ ಮಾತ್ರ ಇಳಿದೆ, ಎಂಟರಲ್ಲಿ ಬುಡದವರೆಗೆ. ಕುಮಾರಪರ್ವತ, ಕುದುರೆಮುಖದಂಥ ಚಾರಣದ ಆಸೆಯಿರುವವರು ಇಳಿಜಾರನ್ನು ಹೀಗೆ ತುಂಡು ತುಂಡಾಗಿ ಗೆಲ್ಲಿ, ಕೈಯಲ್ಲಿ ಕೋಲಿರಲಿ.

ಆಟಕ್ಕೆ ಮರಳುವ ದಿನ

ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಈ ಒಂದು ಸಾಲನ್ನು ನಿಮ್ಮ ಕೋಚಿಗೂ ಓದಿ ಹೇಳಿ. ಒಂಬತ್ತು ತಿಂಗಳಾದರೂ ಪರೀಕ್ಷೆ ಪಾಸಾಗಬೇಕು: ಒಂಟಿ ಕಾಲಲ್ಲಿ ಒಂದು ನೆಗೆತ, ಸಾಲಾಗಿ ಮೂರು ನೆಗೆತ, ಗೆರೆಯ ಆಚೀಚೆ ಅಡ್ಡ ನೆಗೆತ, ಆರು ಮೀಟರನ್ನು ಕುಪ್ಪಳಿಸಿ ದಾಟಲು ಹಿಡಿಯುವ ಸಮಯ. ಇದರೊಂದಿಗೆ ತೊಡೆಯ ಬಲ. ಎಲ್ಲದರಲ್ಲೂ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಬರಬೇಕು. ನನಗೆ ಒಂಬತ್ತರಲ್ಲಿ ಬಲ ಶೇ. 82 ಮಾತ್ರ ಇತ್ತು. ಅತ್ತುಬಿಟ್ಟೆ. ಇನ್ನೆರಡು ತಿಂಗಳು ಅಕ್ಕಿ ಚೀಲ ಹೊತ್ತೆ. ಇಪ್ಪತ್ತರೊಳಗಿನ ಹುಡುಗ ಹುಡುಗಿಯರಲ್ಲಿ ಮತ್ತೆ ಹರಿಯುವ ಅಪಾಯ ಇನ್ನೂ ಹೆಚ್ಚು. ಸ್ಕೂಲ್ ಟೂರ್ನಮೆಂಟಿಗಾಗಿ ಅವರನ್ನು ಅವಸರಪಡಿಸುವ ದೊಡ್ಡವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೊದಲು ಒಬ್ಬರೇ ಅಭ್ಯಾಸ, ಆಮೇಲೆ ಎದುರಾಳಿ ಇಲ್ಲದೆ ತಂಡದೊಂದಿಗೆ, ಆಮೇಲೆ ಅರ್ಧ ಆಟ, ಕೊನೆಗೆ ಪಂದ್ಯ.

ಮನಸ್ಸಿನ ಮಾತು ಬಿಡಲಾರೆ. ಕೋರ್ಟಿನ ವಾಟ್ಸಾಪ್ ಗುಂಪಿನಲ್ಲಿ ಪ್ರತಿದಿನ ಬೆಳಗ್ಗೆ ‘ಯಾರ್ಯಾರು ಬರ್ತೀರಾ’ ಎಂದು ಬರುತ್ತಿದ್ದ ಸಂದೇಶ ನೋಡಿದರೆ ಗಂಟಲು ಕಟ್ಟುತ್ತಿತ್ತು. ಮನೆಯಲ್ಲಿ ‘ಆಟ ಇನ್ನು ಸಾಕು’ ಎಂಬ ಮಾತು. ನಾನು ನಾಲ್ಕನೇ ತಿಂಗಳಿಂದ ವಾರಕ್ಕೊಮ್ಮೆ ಕೋರ್ಟಿಗೆ ಹೋಗಿ ಅಂಪೈರ್ ಆಗಿ ಕೂರತೊಡಗಿದೆ. ಆಟಕ್ಕೆ ಹತ್ತಿರವಿದ್ದಷ್ಟೂ ಜೀವಕ್ಕೆ ಸಮಾಧಾನ. ಕುಸ್ತಿಪಟು ವಿನೇಶ್ ಫೋಗಟ್ 2023ರ ಆಗಸ್ಟಿನಲ್ಲಿ ಮುಂಬೈಯಲ್ಲಿ ಎಡಮಂಡಿಯ ಆಪರೇಷನ್ ಮಾಡಿಸಿಕೊಂಡು, ಮುಂದಿನ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಅಖಾಡದಲ್ಲಿ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ದಿನಗಟ್ಟಲೆ ನಿದ್ದೆ ಊಟ ಸೇರದೆ ಹೋದರೆ ಮಾತ್ರ ಅದನ್ನೂ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಮರಳಿದ ಮೇಲೂ ಎರಡು ಕೆಲಸ ಉಳಿಯುತ್ತವೆ. ಒಂದು, ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷದ ವಾರ್ಮ್‌ಅಪ್. ಫುಟ್‌ಬಾಲಿಗೆಂದು ಮಾಡಿದ ಫಿಫಾ 11+ ಎಂಬ ಕ್ರಮದಲ್ಲಿ ಓಟ, ಬಲ, ನೆಗೆತ, ಇಳಿತ ಎಲ್ಲ ಇವೆ. ಕಬಡ್ಡಿ, ಖೋಖೋ ತಂಡಗಳೂ ಅದನ್ನು ಮಾಡಬಹುದು. ಎರಡು, ವಾರಕ್ಕೆರಡು ದಿನ ತೊಡೆಯ ವ್ಯಾಯಾಮ, ಎರಡೂ ಕಾಲಿಗೆ. ಒಮ್ಮೆ ಒಂದು ಮಂಡಿಯಲ್ಲಿ ಹರಿದವರಿಗೆ ಇನ್ನೊಂದರಲ್ಲೂ ಹರಿಯುವ ಸಂಭವ ಹೆಚ್ಚು. ನಾನು ಮಂಗಳವಾರ, ಶುಕ್ರವಾರ ಮಾಡುತ್ತೇನೆ. ಅಮ್ಮ ಬೆಳಗ್ಗೆ ಅಕ್ಕಿ ಚೀಲವನ್ನು ಬಾಗಿಲ ಪಕ್ಕ ತಂದಿಟ್ಟಿರುತ್ತಾರೆ.